ಕೈಯಲ್ಲೊಂದು ಚೀಲ

1984ರಲ್ಲಿ ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸೊಬ್ಬಳು ಸುಮ್ಮನೆ ನಡೆಯಬೇಕಿದ್ದರೆ ಕೈಯಲ್ಲೊಂದು ಚೀಲ ಇರಬೇಕಿತ್ತು. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿಯಾದರೂ ಸರಿ, ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಕೈಚೀಲವಾದರೂ ಸರಿ. ಚೀಲ ಹಿಡಿದವಳು ಸೊಪ್ಪಿಗೆ ಹೊರಟವಳು. ಬರಿಗೈಯಲ್ಲಿ ಹೊರಟವಳು ಎಲ್ಲಿಗೆ ಹೊರಟಳು ಎಂದು ಗೇಟಿನೊಳಗಿನವರೆಲ್ಲ ಕೂತು ಯೋಚಿಸಬೇಕಾಗುತ್ತಿತ್ತು. ಅವರಿಗೆ ಆ ಶ್ರಮ ಯಾಕೆಂದು ನಾನು ಚೀಲ ಹಿಡಿಯುತ್ತಿದ್ದೆ.

ನಮ್ಮೂರು ತೀರ್ಥಹಳ್ಳಿಯ ಕಡೆ. ನಡಿಗೆ ನನಗೆ ಹೊಸದಾಗಿರಲಿಲ್ಲ. ಗದ್ದೆಯ ಅಂಚು, ಹಳ್ಳದ ಸಂಕ, ಗುಡ್ಡದ ಏರು ದಾಟಿಯೇ ಶಾಲೆಗೆ ಹೋಗಿ ಬಂದವಳು. ಆದರೆ ಅಲ್ಲಿ ದಾರಿಯೆಂದರೆ ಒಂದೇ. ಅದು ಎಲ್ಲಿಗೆ ಹೋಗುತ್ತದೋ ನಾವೂ ಅಲ್ಲಿಗೇ. ನೆಂಟರ ಮನೆಗೆ, ಸೊಸೈಟಿಗೆ, ಮದುವೆಗೆ, ಸಾವಿಗೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನೋಡಿದರೆ ನಮ್ಮ ಮನೆಯಿಂದ ಗಾಂಧಿ ಬಜಾರಿಗೆ ಹೋಗಲು ಐದಾರು ದಾರಿಗಳು, ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ದೂರ. ಇವತ್ತು ಇದರಲ್ಲಿ ಹೋಗಲೋ ಅದರಲ್ಲಿ ಹೋಗಲೋ ಎಂದು ತಿರುವಿನಲ್ಲಿ ನಿಂತು ಯೋಚಿಸುವ ಸುಖ ಅದಕ್ಕೆ ಮುಂಚೆ ನನಗೆ ಗೊತ್ತಿರಲಿಲ್ಲ. ಒಂದು ಅಡ್ಡರಸ್ತೆ ಜಾಸ್ತಿ ಹೋದರೆ ಇನ್ನೊಂದು ಅಡ್ಡರಸ್ತೆ. ಎಲ್ಲಿ ಹೊರಳಿದರೂ ಬುಲ್ ಟೆಂಪಲ್ ರಸ್ತೆ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತಿತ್ತು. ದಾರಿ ತಪ್ಪಲು ಸಾಧ್ಯವೇ ಇಲ್ಲದ ಕಡೆ ದಾರಿ ತಪ್ಪಿದವಳಂತೆ ನಟಿಸುತ್ತ ತಿರುಗಿದೆ.

ಒಂದು ಕಟ್ಟು ದಂಟಿನ ಸೊಪ್ಪಿಗೆ ಒಂದೂವರೆ ಗಂಟೆ ಹಿಡಿಯುವುದನ್ನು ಅತ್ತೆ ಗಮನಿಸದೆ ಇರುತ್ತಾರೆಯೇ? "ಏನೇ, ಸೊಪ್ಪು ಬಿತ್ತಿ ಬೆಳೆದು ಕಿತ್ಕೊಂಡು ಬಂದ್ಯಾ?" ಎನ್ನುತ್ತಿದ್ದರು. "ಜಾಸ್ತಿ ಹೇಳ್ದ ಅತ್ತೆ, ನಾಲ್ಕು ಕಡೆ ವಿಚಾರಿಸ್ದೆ" ಎನ್ನುತ್ತಿದ್ದೆ. ನಾಲ್ಕಾಣೆ ಉಳಿಸಿಕೊಂಡು ಬಂದ ಸೊಸೆಯನ್ನು ಬೈಯುವುದು ಹೇಗೆ? ಅವರು ಒಳಗೆ ಹೋಗಿ ಪಾತ್ರೆಯ ಮುಚ್ಚಳವನ್ನು ಸ್ವಲ್ಪ ಜೋರಾಗಿ ಮುಚ್ಚುತ್ತಿದ್ದರು. ಅದೂ ಒಂದು ಮಾತೇ.

ಈ ರಸ್ತೆಗಳು ಯಾಕೆ ಇಷ್ಟು ನೇರ, ಮನೆಮನೆಗೂ ಯಾಕೆ ಸುತ್ತ ಜಾಗ ಎಂದು ನನಗೆ ಹೇಳಿದವರು ಮಾವ. ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ವಿಧಾನಸೌಧದಲ್ಲಿ ನಿವೃತ್ತರಾದವರು. ಯಾವ ವಿಷಯವನ್ನೂ ಹಿಂದಿನ ಫೈಲಿನಿಂದಲೇ ಶುರು ಮಾಡುವ ಅಭ್ಯಾಸ. ಅವರ ತಾತನ ಕಾಲಕ್ಕೆ ಮನೆತನ ಬಳೇಪೇಟೆಯಲ್ಲಿತ್ತಂತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗೋಡೆಗೆ ಗೋಡೆ ತಾಗಿಕೊಂಡಿದ್ದ ಪೇಟೆಯಲ್ಲಿ ಯಾರದೋ ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಬೀದಿಯೇ ಖಾಲಿ. ಜನ ಊರಾಚೆ ಗುಡಿಸಲು ಹಾಕಿಕೊಂಡು ಕೂತರು. ಪೇಟೆಯ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಎರಡೂ ಬಡಾವಣೆಗಳು ತುಂಬಿಕೊಂಡದ್ದು ಆ ದಿಗಿಲಿನಲ್ಲಿ. ಗಾಳಿ ಆಡಬೇಕು, ಬಿಸಿಲು ಬೀಳಬೇಕು, ಒಬ್ಬರ ಗೋಡೆ ಇನ್ನೊಬ್ಬರಿಗೆ ತಾಗಬಾರದು ಎಂಬ ಲೆಕ್ಕ. "ನಿನಗೆ ಚೆಂದ ಕಾಣೋ ರಸ್ತೆ ಇದೆಯಲ್ಲಮ್ಮ, ಅದನ್ನ ಹಾಕ್ಸಿದ್ದು ಇಲಿ" ಎಂದು ಮಾವ ಮೂಗಿಗೆ ನಶ್ಯ ಏರಿಸಿಕೊಂಡರು. ನಮ್ಮ ಜನ ಆ ಕಾಯಿಲೆಗೂ ಅಮ್ಮನ ಪಟ್ಟ ಕೊಟ್ಟು ಪೂಜೆ ಮಾಡಿದರು. ತ್ಯಾಗರಾಜನಗರದ ಕಡೆ ನಡೆದು ಹೋದಾಗ ಪ್ಲೇಗಮ್ಮನ ಗುಡಿ ನೋಡಿ ನಾನು ಒಂದು ಕ್ಷಣ ನಿಂತೇ ಬಿಟ್ಟಿದ್ದೆ. ಊರು ಬಿಡಿಸಿದವಳಿಗೂ ಮಂಗಳಾರತಿ!

ಆ ಬೀದಿಗಳ ಮಧ್ಯಾಹ್ನಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಊಟದ ಪಾತ್ರೆಗಳ ಸದ್ದು ಮುಗಿದ ಮೇಲೆ ಒಂದು ನಿಶ್ಶಬ್ದ ಇಳಿಯುತ್ತಿತ್ತು. ಆದರೆ ಅದು ಒಳಗೊಳಗೇ ನೂರು ಸದ್ದು ಇಟ್ಟುಕೊಂಡ ನಿಶ್ಶಬ್ದ. ಮಂಗಳೂರು ಹೆಂಚಿನ ಮನೆಗಳು, ಮುಂದೆ ಮರದ ಜಾಲರಿ, ಕಿಟಕಿಯ ಮೇಲೆ ಮಂಕಿ ಟಾಪು. ಒಳಗೆ ಕೆಂಪು ಗಾರೆಯ ನೆಲದ ಮೇಲೆ ಮಲಗಿದ ಅಜ್ಜಿಯರ ಪಕ್ಕದಲ್ಲಿ ರೇಡಿಯೋ ತಾನೇ ಮಾತಾಡಿಕೊಳ್ಳುತ್ತಿತ್ತು. ಸಾಣೆ ಹಿಡಿಯುವವನು ಹೆಗಲ ಮೇಲೆ ಚಕ್ರ ಹೊತ್ತು ಕೂಗುತ್ತ ಬರುವನು. ಹಳೇ ಪೇಪರಿನವನು. ಅಪರೂಪಕ್ಕೆ ಕೋಲೆ ಬಸವ, ಹಿಂದೆಯೇ ನಾಗಸ್ವರದ ಒಂದು ಹರಿದ ಹಾಡು. ಇವರ್ಯಾರೂ ಚೀಲ ಹಿಡಿದವಳನ್ನು ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಬೀದಿಯೇ ಕಸುಬಾದವರಿಗೆ ಬೀದಿಯಲ್ಲಿರುವವರ ಬಗ್ಗೆ ಅನುಮಾನ ಕಡಿಮೆ.

ಡಿ.ವಿ.ಜಿ. ರಸ್ತೆಯ ಆಚೆಗಿನ ಒಂದು ಅಡ್ಡರಸ್ತೆಯ ಮಹಡಿ ಮನೆಯಲ್ಲಿ ಯಾರೋ ಪಿಟೀಲು ಕಲಿಯುತ್ತಿದ್ದರು. ನಾನು ಮೊದಲು ಕೇಳಿಸಿಕೊಂಡಾಗ ಸರಳೆ ವರಸೆ. ಆಮೇಲೆ ಜಂಟಿ ವರಸೆ, ಅಲಂಕಾರ, ಗೀತೆ. ಮೋಹನದ ವರ್ಣಕ್ಕೆ ಬರುವ ಹೊತ್ತಿಗೆ ನನ್ನ ಮಗ ಗೋಡೆ ಹಿಡಿದು ನಡೆಯಲು ಕಲಿತಿದ್ದ. ವರ್ಣದಲ್ಲಿ ಒಂದು ಕಡೆ ಕೈ ಯಾವಾಗಲೂ ಎಡವುತ್ತಿತ್ತು. ಎದುರಿನ ಮನೆಯ ಕಾಂಪೌಂಡಿನ ನೆರಳಲ್ಲಿ ನಿಂತು, ಆ ಜಾಗ ದಾಟಿದ ಮೇಲೆ ನಾನು ಹೆಜ್ಜೆ ಹಾಕುತ್ತಿದ್ದೆ. ಗಂಡೋ ಹೆಣ್ಣೋ, ಹುಡುಗರೋ ಹಿರಿಯರೋ ನನಗೆ ಗೊತ್ತಾಗಲೇ ಇಲ್ಲ. ಒಂದು ಬೇಸಿಗೆ ಕಳೆದ ಮೇಲೆ ಪಿಟೀಲು ನಿಂತುಹೋಯಿತು. ಮದುವೆಯಾಯಿತೋ, ಅಮೆರಿಕಕ್ಕೆ ಹೋದರೋ, ಸುಮ್ಮನೆ ಬೇಜಾರೇ ಬಂತೋ. ಆ ಮನೆಯಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು; ಗೇಟಿನಲ್ಲಿ ಸೆಕ್ಯೂರಿಟಿಯವನು, ಎದುರು ಯಾರಾದರೂ ಎರಡು ನಿಮಿಷ ನಿಂತರೆ ಎದ್ದು ಬರುತ್ತಾನೆ.

ಮರಗಳ ವಿಷಯದಲ್ಲಿ ನನಗೊಂದು ಪಕ್ಷಪಾತವಿದೆ. ನಾನು ಬಂದ ಕಾಲಕ್ಕೆ ನಮ್ಮ ಸುತ್ತಿನ ರಸ್ತೆಗಳಲ್ಲಿ ದೊಡ್ಡ ಮರಗಳ ನಡುನಡುವೆ ಹೊಸ ಗಿಡಗಳು ನಿಂತಿದ್ದವು, ನನ್ನ ಭುಜದೆತ್ತರ, ಸುತ್ತ ಬೇಲಿ. ಎಂಬತ್ತರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ಊರ ತುಂಬ ಗಿಡ ನೆಡಿಸುತ್ತಿದ್ದ ಕಾಲ ಅದು. ಐದು ವರ್ಷದಲ್ಲಿ 15 ಲಕ್ಷ ಗಿಡ ಎನ್ನುವುದು ಎಲ್ಲರೂ ಹೇಳುವ ಲೆಕ್ಕ. ಕಾಡಿನಲ್ಲಿ ಗಿಡ ನೆಟ್ಟರೆ ಸಾಕು, ಊರಿನಲ್ಲಿ ನೆಟ್ಟರೆ ಅದರ ಮುಂದಿನ ಮನೆಯವರನ್ನೂ ಒಪ್ಪಿಸಬೇಕು. ಆತ ಅದನ್ನೂ ಮಾಡಿದರು. ನಮ್ಮ ಮನೆಯೆದುರಿನ ಹೊಂಗೆ ಆ ಪೀಳಿಗೆಯದು. ಅದೂ ನಾನೂ ಬಸವನಗುಡಿಗೆ ಒಟ್ಟಿಗೆ ಬಂದವರು ಎಂದೇ ನನ್ನ ಲೆಕ್ಕ. ಬೇಸಿಗೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಅದಕ್ಕೊಂದು ಚೆಂಬು ನೀರು ಹಾಕುತ್ತಿದ್ದೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ, ಕಣ್ಣು ತಪ್ಪಿಸಲೇಬೇಕಿತ್ತು. ಈಗ ಅದು ಎರಡನೇ ಮಹಡಿ ದಾಟಿದೆ. ಯುಗಾದಿಯ ಆಸುಪಾಸಿನಲ್ಲಿ ರಸ್ತೆಯ ಮೇಲೆ ಪುರಿ ಚೆಲ್ಲಿದ ಹಾಗೆ ಹೂ ಉದುರಿಸುತ್ತದೆ, ಕಾರು ನಿಲ್ಲಿಸಿದವರು ಗೊಣಗುತ್ತಾರೆ.

ಹಳೆಯ ಮರಗಳಿಗೆ ಬೇರೆ ಹಿರಿಯರಿದ್ದರು. ಜರ್ಮನಿಯಿಂದ ಬಂದ ಕ್ರುಂಬಿಗೆಲ್ ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡೆಯ ಮಹಾರಾಜರಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದವರು. ವರ್ಷದ ಯಾವ ತಿಂಗಳಲ್ಲಿ ನಡೆದರೂ ಯಾವುದಾದರೂ ಒಂದು ಬೀದಿ ಹೂಬಿಟ್ಟಿರಬೇಕು ಎಂದು ಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಅವರದು. ಆ ಮಾತು ನಿಜವೇ ಎಂದು ಕಾಲಿನಲ್ಲೇ ಪರೀಕ್ಷಿಸಿದ್ದೇನೆ. ಚಳಿಗಾಲ ಮುಗಿಯುವಾಗ ತಬೂಬಿಯ, ಶಿವರಾತ್ರಿಯ ಸುತ್ತ ನೀಲಿ ಜಕರಂಡ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್ ಮತ್ತು ಅದರ ಹಳದಿ ತಂಗಿ, ದೀಪಾವಳಿಯ ಹೊತ್ತಿಗೆ ಆಕಾಶಮಲ್ಲಿಗೆ. ಆಕಾಶಮಲ್ಲಿಗೆ ರಾತ್ರಿ ಬಿದ್ದು ಬೆಳಿಗ್ಗೆ ಕಸಪೊರಕೆಗೆ ಸಿಗುವ ಹೂವು, ಅದಕ್ಕೆ ಬೇಗ ಏಳಬೇಕು. ಮನೆಯಲ್ಲಿ ಕ್ಯಾಲೆಂಡರ್ ನೋಡದೆ ತಿಂಗಳು ಹೇಳಬಲ್ಲೆ ಎಂದು ನಾನು ಕೊಚ್ಚಿಕೊಂಡರೆ ಮಗ ಫೋನ್ ನೋಡಿ ತಾರೀಖನ್ನೇ ಹೇಳುತ್ತಾನೆ.

ಬಸವನಗುಡಿ ಎಂದಕೂಡಲೇ ನಡಿಗೆಯ ದಂತಕಥೆಗಳು ಬರುತ್ತವೆ. ಮಾಸ್ತಿಯವರು ಗವೀಪುರದ ಮನೆಯಿಂದ ಕೊಡೆ ಹಿಡಿದು ಕ್ಲಬ್ಬಿಗೆ ಇಸ್ಪೀಟಾಡಲು ನಡೆದು ಹೋಗುತ್ತಿದ್ದದ್ದು. ಡಿವಿಜಿ ಗೋಖಲೆ ಸಂಸ್ಥೆಗೆ ಹೋಗಿಬರುತ್ತಿದ್ದದ್ದು. ನಿಸಾರ್ ಅಹಮದ್ ತಮ್ಮ ಮೊದಲ ಸಂಕಲನಕ್ಕೆ 1960ರಲ್ಲಿ 'ಮನಸು ಗಾಂಧಿ ಬಜಾರು' ಎಂದೇ ಹೆಸರಿಟ್ಟದ್ದು. ಮಾವ ಇವನ್ನೆಲ್ಲ ರಸವತ್ತಾಗಿ ಹೇಳುತ್ತಿದ್ದರು. ಸಂಜೆ ಅವರೂ ಬ್ಯೂಗಲ್ ರಾಕ್ ಮೇಲೆ ಗೆಳೆಯರ ಜೊತೆ ಕೂತು ಪೆನ್ಷನ್ನು, ಮುಪ್ಪು, ಮೊರಾರ್ಜಿ ದೇಸಾಯಿ ಎಲ್ಲವನ್ನೂ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ. ಇಂಥ ಎಷ್ಟು ಪಂಚಾಯ್ತಿಗಳನ್ನು ಸಹಿಸಿಕೊಂಡಿದೆಯೋ. ನನಗೆ ಕುತೂಹಲವಿದ್ದದ್ದು ಒಂದೇ: ಈ ಕಥೆಗಳಲ್ಲಿ ನಡೆಯುವವರೆಲ್ಲ ಗಂಡಸರು. ಅವರಿಗೆ ಕೊಡೆ ಇತ್ತು, ಊರುಗೋಲಿತ್ತು, ಚೀಲ ಬೇಕಿರಲಿಲ್ಲ. ಹೆಂಗಸರು ಎಲ್ಲಿ ನಡೆದರು? 'ಸರಸ್ವತಿ' ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರಲ್ಲ, ಅವರು ಆ ಕೆಲಸಕ್ಕೆ ಮನೆಮನೆ ಅಲೆದ ಬೀದಿಗಳಿಗೆ ಒಂದು ದಂತಕಥೆಯಾದರೂ ಬೇಡವೇ? ಮಾವನನ್ನು ಕೇಳಿದೆ. "ಆಕೆ ದೊಡ್ಡ ಕೆಲಸ ಮಾಡಿದರಮ್ಮ" ಎಂದರು. ಕಥೆ ಮಾತ್ರ ಇರಲಿಲ್ಲ.

ಮಗ ಹುಟ್ಟಿದ ಮೇಲೆ ನನ್ನ ಸ್ಥಿತಿ ಸುಧಾರಿಸಿತು. ಚೀಲ ನಡೆಯಲು ಮಾತ್ರ ಅನುಮತಿ ಕೊಡುತ್ತದೆ, ಮಗು ಕೂರಲೂ ಕೊಡುತ್ತದೆ. ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಒಂಟಿ ಹೆಂಗಸು ಕೂತರೆ ಪಕ್ಕದ ಬೆಂಚಿನ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಮಗು ಮರಳಲ್ಲಿ ಆಡುತ್ತಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಹಂಗಾಮಿ ದಿವಾನರಾಗಿದ್ದ ಎಂ.ಎನ್. ಕೃಷ್ಣರಾಯರ ಹೆಸರಿನ ಆ ಪಾರ್ಕಿನಲ್ಲಿ ನಾನು ಎಷ್ಟು ಕಾದಂಬರಿ ಓದಿ ಮುಗಿಸಿದೆನೋ. ಮಗು ಸ್ವಲ್ಪ ದೊಡ್ಡದಾದ ಮೇಲೆ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ. 1945ರಿಂದ ಇರುವ ಆ ಸಂಸ್ಥೆಯಲ್ಲಿ ಮಕ್ಕಳಿಗೂ ಒಂದು ವಿಭಾಗವಿದೆ. ಅವನನ್ನು ಅಲ್ಲಿ ಬಿಟ್ಟು ನಾನು ಸುತ್ತಲಿನ ರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಅವನು ಇದನ್ನು ಬೇಗ ಪತ್ತೆ ಹಚ್ಚಿದ. ಆದರೆ ಅಜ್ಜಿಗೆ ಹೇಳಲಿಲ್ಲ, ಅದಕ್ಕೆ ತಕ್ಕ ಕಡಲೆಮಿಠಾಯಿ ವಸೂಲಿ ಮಾಡಿದ.

ಪಾರ್ಕಿನ ವಿಷಯ ಬಂದಾಗ ಹೂಗಳ್ಳರನ್ನು ಬಿಡುವ ಹಾಗಿಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೆಳಗಿನ ಜಾವ ನಡೆಯುವವರಲ್ಲಿ ಒಂದು ದೊಡ್ಡ ಪಂಗಡ ಹೂವಿಗಾಗಿಯೇ ನಡೆಯುತ್ತದೆ. ಮಡಿ ಪಂಚೆ, ಹಣೆಯಲ್ಲಿ ಗಂಧ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕೆಲವರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಯಾರದೋ ಕಾಂಪೌಂಡಿನಿಂದ ಆಚೆ ಬಾಗಿದ ನಂದಿಬಟ್ಟಲು, ಕಣಗಿಲೆ, ದಾಸವಾಳ, ಪಾರಿಜಾತ. ಬೀದಿಗೆ ಚಾಚಿದ ಕೊಂಬೆ ಬೀದಿಯದು ಎಂಬ ಒಂದು ಬರೆಯದ ಕಾನೂನು ಇತ್ತು. ಆದರೆ ಕೊಕ್ಕೆಯ ಉದ್ದ ನೋಡಿದರೆ ಆ ಕಾನೂನು ಹಿತ್ತಿಲವರೆಗೂ ಅನ್ವಯಿಸುತ್ತಿತ್ತು. ಪರರ ಹೊನ್ನಿನ ಕಡೆ ಕಣ್ಣೆತ್ತಿ ನೋಡದ ನಿವೃತ್ತ ನ್ಯಾಯಾಧೀಶರೊಬ್ಬರು ಕೆಂಡಸಂಪಿಗೆಯ ಮುಂದೆ ಸೋಲುವುದನ್ನು ನಾನೇ ನೋಡಿದ್ದೇನೆ. ಮನೆಯೊಡತಿ ಬಾಗಿಲು ತೆಗೆದರೆ "ದೇವರಿಗಮ್ಮಾ" ಎನ್ನುವುದು. ಆಕೆ "ನಮ್ಮನೇಲೂ ದೇವರಿದಾನೆ ಸ್ವಾಮಿ" ಎನ್ನುವುದು. ಈ ಸಂಭಾಷಣೆ ದಿನಾ ನಡೆಯುತ್ತಿತ್ತು, ಇಬ್ಬರಿಗೂ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ ಎಂದು ನನ್ನ ಅನುಮಾನ. ಪಾರ್ಕಿನೊಳಗೆ 'ಹೂ ಕೀಳಬಾರದು' ಎಂಬ ಬೋರ್ಡಿನ ಬುಡದಲ್ಲೇ ಕವರು ಬಿಚ್ಚುತ್ತಿದ್ದ ಅಜ್ಜಿಯೊಬ್ಬರನ್ನು ಮಾಲಿ ತಡೆದಾಗ ಆಕೆ ಕೊಟ್ಟ ಉತ್ತರ: "ನನಗೆ ಓದಕ್ಕೆ ಬರಲ್ಲಪ್ಪ." ಆಕೆಯ ಕಂಕುಳಲ್ಲಿ ಆವತ್ತಿನ ಪೇಪರು ಇತ್ತು.

ತೊಂಬತ್ತರ ದಶಕದಲ್ಲಿ ಊರಿಗೆಲ್ಲ ಸಕ್ಕರೆ ಕಾಯಿಲೆ ಬಂತು, ಅದರ ಜೊತೆ ಹೆಂಗಸರಿಗೆ ಬೀದಿಯೂ ಬಂತು. ಡಾಕ್ಟರು ಬರೆದುಕೊಟ್ಟ ಮೇಲೆ ನಡಿಗೆ ಔಷಧಿಯಾಯಿತು, ಔಷಧಿಯನ್ನು ಯಾವ ಅತ್ತೆ ತಡೆಯುತ್ತಾಳೆ? ರೇಷ್ಮೆ ಬಾರ್ಡರಿನ ಸೀರೆಯ ಕೆಳಗೆ ಬಿಳೀ ಬೂಟು ಹಾಕಿಕೊಂಡ ಹೆಂಗಸರು ಇಬ್ಬಿಬ್ಬರು ಮೂವರು ಸೇರಿ ಹೊರಟರು. ಮೊದಮೊದಲು ಬೂಟಿಗೆ ನಾಚಿ ಸೀರೆ ಸ್ವಲ್ಪ ಇಳಿಬಿಟ್ಟುಕೊಳ್ಳುತ್ತಿದ್ದರು, ಒಂದು ವರ್ಷದಲ್ಲಿ ನಾಚಿಕೆಯೂ ಹೋಯಿತು. ನನಗೆ ಆಗ ಯಾವ ಕಾಯಿಲೆಯೂ ಇರಲಿಲ್ಲ. ಆದರೂ "ಬಿ.ಪಿ. ಸ್ವಲ್ಪ ಬಾರ್ಡರ್‌ನಲ್ಲಿದೆಯಂತೆ" ಎಂದು ಮನೆಯಲ್ಲಿ ಹೇಳಿ ಆ ಸೈನ್ಯಕ್ಕೆ ಸೇರಿಕೊಂಡೆ.

ಪಾರ್ಕುಗಳಿಗೂ ಸಿಮೆಂಟಿನ ಟ್ರ್ಯಾಕು ಬಂತು. ಆಗ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿದರೆ ಮತ್ತೆ ಸಂಜೆ ನಾಲ್ಕಕ್ಕೇ ತೆಗೆಯುತ್ತಿದ್ದರು. ನನಗೆ ಪ್ರಿಯವಾದ ಮಧ್ಯಾಹ್ನವೇ ಪಾರ್ಕಿಗೆ ಇಲ್ಲವಾಯಿತು. ಕೆಲಸಕ್ಕೆ ಅಲೆದು ದಣಿದವನು ಅರ್ಧಗಂಟೆ ಮರದಡಿ ಮಲಗುವುದು ಆ ಹೊತ್ತಿನಲ್ಲೇ ತಾನೆ? ಅವನನ್ನು ಹೊರಗಿಟ್ಟು, ಮನೆಯಲ್ಲಿ ಫ್ಯಾನು ಇರುವ ನಮ್ಮಂಥವರ ನಡಿಗೆಗೆ ಪಾರ್ಕು ಮೀಸಲಿಟ್ಟದ್ದು ನನಗೆ ಇವತ್ತಿಗೂ ಸಮಾಧಾನವಿಲ್ಲದ ವಿಷಯ. ಟ್ರ್ಯಾಕಿನ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಿದ್ದರು. ನಾನು ಎದುರು ದಿಕ್ಕಿನಿಂದ ಹೊರಟರೆ ಹಿರಿಯರೊಬ್ಬರು ನಿಲ್ಲಿಸಿ, "ಪ್ರದಕ್ಷಿಣೆ ಹೀಗೆ ಬರಬೇಕಮ್ಮ" ಎಂದರು. "ಹಾಗೆ ಬಂದ್ರೆ ಎಲ್ಲರ ಬೆನ್ನೇ ಕಾಣತ್ತೆ ಸಾರ್" ಎಂದೆ. ಅವರು ಸ್ವಲ್ಪ ಯೋಚಿಸಿ, ಮಾರನೇ ದಿನವೂ ಪ್ರದಕ್ಷಿಣೆಯನ್ನೇ ಹಾಕಿದರು. ಟ್ರ್ಯಾಕು ಬಿಟ್ಟು ನಾನು ಮತ್ತೆ ಬೀದಿಗೆ ಬಂದೆ.

ಮೆಟ್ರೋ ಬಂದ ಕಥೆ ಎಲ್ಲರಿಗೂ ಗೊತ್ತು. ಜಯನಗರದ ಕಡೆ ಲಕ್ಷ್ಮಣರಾವ್ ಪಾರ್ಕಿನ ಉದ್ದಕ್ಕೂ ಇದ್ದ ಮರಗಳಿಗೆ 2009ರಲ್ಲಿ ಗರಗಸ ಬಿತ್ತು. ಜನ ಮರ ತಬ್ಬಿ ನಿಂತರು, ಮರಗಳು ಹೋದವು. 2017ರಲ್ಲಿ ರೈಲು ಓಡಿತು. ನಾನು ಆ ರೈಲಿನಲ್ಲಿ ಓಡಾಡುತ್ತೇನೆ, ಸುಳ್ಳು ಹೇಳಬಾರದು. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಮಲ್ಲೇಶ್ವರದ ಅಡ್ಡರಸ್ತೆಗಳೂ ಈಗ ನನ್ನ ಕಾಲಿಗೆ ಸಿಗುತ್ತವೆ. 2020ರ ಮಾರ್ಚಿನಲ್ಲಿ ಪಾರ್ಕುಗಳಿಗೆ ಬೀಗ ಬಿದ್ದು, ಆಮೇಲೆ ಒಬ್ಬೊಬ್ಬರಾಗಿ ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಬಂದಾಗ, ರಸ್ತೆಯ ಆ ಬದಿಗೆ ಅವರು, ಈ ಬದಿಗೆ ನಾವು, ನಡುವೆ ಸಾಕಷ್ಟು ಜಾಗ. ಇಲಿ ಹಾಕಿಸಿದ ರಸ್ತೆ ಮತ್ತೆ ಕೆಲಸಕ್ಕೆ ಬಂತು ಎಂದು ಹೇಳಲು ಮಾವ ಇರಲಿಲ್ಲ.

ಮಾವನ ಕಥೆಯಲ್ಲಿ ಬಾರದ ಒಂದು ಬೀದಿಯಿದೆ. ಮನೆಗಳ ಸಾಲುಗಳು ಬೆನ್ನಿಗೆ ಬೆನ್ನು ಮಾಡಿ ನಿಂತ ಕಡೆ, ನಡುವೆ ಒಂದು ಕಿರಿದಾದ ಸಂದಿ. ಕಾರ್ಪೊರೇಷನ್ನಿನವರು ಕನ್ಸರ್ವೆನ್ಸಿ ಎನ್ನುತ್ತಾರೆ. ನಾನು ಮುಂದಿನ ರಸ್ತೆಗಳನ್ನೆಲ್ಲ ನಡೆದು ಮುಗಿಸಿದ ಮೇಲೆ ಈ ಸಂದಿಗಳಿಗೆ ಇಳಿದೆ. ಹಳೇ ಕೊಡ, ಮುರಿದ ತೊಟ್ಟಿಲು, ಬಟ್ಟೆ ಒಗೆಯುವ ಕಲ್ಲು, ಒಣಗಿದ ತೆಂಗಿನ ಗರಿ. ಮನೆಯ ಮುಂದೆ ಹೆಸರಿನ ಹಲಗೆ, ರಂಗೋಲಿ, ತುಳಸಿ; ಹಿಂದೆ, ಗೋಡೆಯಲ್ಲಿ ಮೊಣಕಾಲೆತ್ತರದ ಒಂದು ಪುಟ್ಟ ಬಾಗಿಲು, ಈಗ ಇಟ್ಟಿಗೆ ಇಟ್ಟು ಮುಚ್ಚಿದ್ದು. ಇದೇನೆಂದು ಯಾರನ್ನಾದರೂ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತಿತ್ತು.

ಮಾವ ಹೋದ ಮೇಲೆ ಅತ್ತೆಗೆ ಮಂಡಿ ನೋವು, ಸಕ್ಕರೆ ಎರಡೂ ಹೆಚ್ಚಾದವು. ನಮ್ಮ ಬೀದಿಯ ಕೊನೆಯಲ್ಲಿದ್ದ ಡಾಕ್ಟರು ನಡೆಯಲು ಹೇಳಿದರು. ಅತ್ತೆ ನನ್ನ ತೋಳು ಹಿಡಿದು ಹೊರಟರು. ಎರಡು ದಿನ ಕಳೆಯುವುದರೊಳಗೆ ನನಗೆ ಗೊತ್ತಾಯಿತು: ಮದುವೆಯಾದಾಗಿನಿಂದ ಇಲ್ಲೇ ಇದ್ದ ಇವರ ಬಸವನಗುಡಿ ಎಂದರೆ ದೊಡ್ಡ ಗಣಪತಿ, ಗಾಂಧಿ ಬಜಾರು, ಎನ್.ಆರ್. ಕಾಲೊನಿಯ ತಂಗಿಯ ಮನೆ. ಅವುಗಳಿಗೆ ಹೋಗುವ ಮೂರು ದಾರಿ. ಪಕ್ಕದ ಅಡ್ಡರಸ್ತೆಗೆ ಕರೆದುಕೊಂಡು ಹೋದರೆ, "ಇದು ಯಾವಾಗ ಮಾಡಿದ್ರು?" ಎಂದು ಕೇಳಿದರು. ಅವರು ಹುಟ್ಟುವುದಕ್ಕೆ ಮುಂಚಿನಿಂದ ಇದ್ದ ರಸ್ತೆ ಅದು. ಪ್ರತಿ ಗೇಟಿನೆದುರೂ ನಿಂತು ಪರಿಶೀಲನೆ. ಈ ಮನೆಯವರಿಗೆ ರಂಗೋಲಿ ಬರಲ್ಲ. ಆ ಮನೆಯವರು ಕರಿಬೇವಿಗೆ ನೀರು ಜಾಸ್ತಿ ಹಾಕ್ತಾರೆ. ನಡಿಗೆಗಿಂತ ನಿಲುಗಡೆಯೇ ಹೆಚ್ಚಾಗಿ, ಡಾಕ್ಟರು ಬಯಸಿದ ವ್ಯಾಯಾಮ ಆಗುತ್ತಿತ್ತೋ ಇಲ್ಲವೋ.

ಒಂದು ದಿನ ಎದುರಿನಿಂದ ಗೂಳಿಯೊಂದು ಬಂದದ್ದಕ್ಕೆ ಹೆದರಿ ಅತ್ತೆಯನ್ನು ಸಂದಿಗೆ ಹೊರಳಿಸಿದೆ. ಅವರು ನಾಲ್ಕು ಹೆಜ್ಜೆ ಬಂದು ನಿಂತರು. ನಮ್ಮದೇ ಮನೆಯ ಬೆನ್ನು ಅದು. ಅವರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗಿನಿಂದ ನೋಡಿ ಗೊತ್ತಿತ್ತೇ ಹೊರತು ಹೊರಗಿನಿಂದ ಅವರು ಅದನ್ನು ನೋಡಿರಲೇ ಇಲ್ಲ. ಮುಚ್ಚಿದ ಪುಟ್ಟ ಬಾಗಿಲಿನ ಕಡೆ ಬೆರಳು ತೋರಿಸಿದರು.

"ನಾನು ಬಂದ ಹೊಸತರಲ್ಲಿ ಇನ್ನೂ ಹಳೇ ಕಕ್ಕಸು ಕಣೇ. ಒಬ್ಬಳು ಬರ್ತಿದ್ಲು, ಬೆಳಕು ಹರಿಯೋಕೆ ಮುಂಚೆ. ಈ ಕಡೆಯಿಂದ ಬಾಗಿಲು ತೆಗೆದು ತಗೊಂಡು ಹೋಗೋಳು. ಕಾಲಲ್ಲಿ ಏನೋ ಕಡಗ ಇತ್ತು, ಸದ್ದಾಗ್ತಿತ್ತು. ಸದ್ದು ಬಂದ್ರೆ ನಾವು ಹಿತ್ತಲಿಗೆ ಹೋಗಬಾರದು."

"ಮಾತಾಡ್ತಿದ್ರಾ?"

"ಏನ್ ಮಾತು? ಹಬ್ಬದಲ್ಲಿ ಎಲೆಯಲ್ಲಿ ಒಬ್ಬಟ್ಟು ಕಟ್ಟಿ ಗೋಡೆ ಮೇಲೆ ಇಡ್ತಿದ್ದೆ. ನಾನು ಒಳಗೆ ಹೋದ ಮೇಲೆ ತಗೋತಿದ್ಲು. ಹೆಸರು ಕೇಳಿಲ್ಲ. ಮುಖ ನೋಡಿದ್ರೆ ತಾನೆ ನೆನಪಿರೋದು."

ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ, ಎಪ್ಪತ್ತರ ದಶಕದಲ್ಲಿ. ಅದಕ್ಕೆ ಮುಂಚೆಯೇ ನಮ್ಮ ಮನೆಗೆ ಒಳಚರಂಡಿ ಬಂದು ಆ ಬಾಗಿಲು ಮುಚ್ಚಿತ್ತಂತೆ. ಗಾಳಿ ಬೆಳಕು ಬರಲೆಂದು ಅಳೆದು ಅಳೆದು ಹಾಕಿದ ಬಡಾವಣೆಯ ನಕ್ಷೆಯಲ್ಲೇ ಆಕೆಗೆ ಈ ದಾರಿಯನ್ನೂ ಹಾಕಿಟ್ಟಿದ್ದರು. ಬಸವನಗುಡಿಯಲ್ಲಿ ದಿನಾ ತಪ್ಪದೆ ನಡೆದ ಹೆಂಗಸರು ಯಾರು ಎಂಬ ನನ್ನ ಹಳೇ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಲಿನಲ್ಲೇ ಇತ್ತು. ಮಲ್ಲೇಶ್ವರದಲ್ಲಿ ಇತ್ತೀಚೆಗೆ ಇಂಥ ಒಂದೆರಡು ಸಂದಿಗಳನ್ನು ಗುಡಿಸಿ, ಗೋಡೆಗೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ಹೋಗಿ ನೋಡಿದೆ, ಹೂವು, ಹಕ್ಕಿ ಚೆನ್ನಾಗಿ ಮೂಡಿವೆ. ಆ ಸಂದಿಯಲ್ಲಿ ನಡೆದವರದೊಂದು ಚಿತ್ರ ನನಗೆ ಕಾಣಲಿಲ್ಲ.

ಅತ್ತೆ ಗೋಡೆಗೆ ಕೈಯೂರಿ ಇನ್ನೂ ಸ್ವಲ್ಪ ಹೊತ್ತು ನಿಂತರು. ಗೂಳಿ ಎತ್ತಲೋ ಹೋಗಿತ್ತು. "ನಡಿ, ಇಲ್ಲಿ ಸೊಳ್ಳೆ" ಎಂದರು. ಸಂದಿಯ ಇನ್ನೊಂದು ತುದಿಯಿಂದ ರಸ್ತೆಗೆ ಬಂದೆವು. ಅಲ್ಲಿ ಮೂಲೆಯ ಮನೆಯ ಕಾಂಪೌಂಡಿನಿಂದ ದಾಸವಾಳದ ಕೊಂಬೆಯೊಂದು ಆಚೆ ಚಾಚಿತ್ತು, ತುಂಬ ಕೆಂಪು ಹೂವು. ಅತ್ತೆ ನನ್ನ ತೋಳು ಬಿಟ್ಟು, ಎಡಕ್ಕೂ ಬಲಕ್ಕೂ ನೋಡಿ, ಸೆರಗನ್ನು ಮಡಿಲು ಮಾಡಿಕೊಂಡರು.

"ಅತ್ತೆ, ಅದು ಡಾಕ್ಟರ ಮನೆ" ಎಂದೆ.

"ಅವರೇ ತಾನೆ ನಡೀರಿ ಅಂದಿದ್ದು" ಎನ್ನುತ್ತ ಕೊಂಬೆ ಬಗ್ಗಿಸಿದರು.